ಅವ್ವ ಹಾರಿಸಿದ ಯುದ್ಧವಿಮಾನ

ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ನನ್ನದು ಬೆಳಗಿನ ಪಾಳಿ. ಮಧ್ಯಾಹ್ನ ಬಾಡಿಗೆ ಮನೆ ಸೇರುವ ಹೊತ್ತಿಗೆ ಕಾಲು ನನ್ನವಲ್ಲ, ಸೊಂಟ ನನ್ನದಲ್ಲ. ಹೆಂಡತಿ ಗಾರ್ಮೆಂಟ್ಸ್‌ನಿಂದ ಬರುವುದು ಸಂಜೆ. ಹಾಗಾಗಿ, ಲಕ್ವ ಹೊಡೆದು ಬಲಗೈ ಬಿದ್ದುಹೋದ ಅವ್ವನನ್ನು ನಮ್ಮೂರು ತಿಪ್ಪಸಂದ್ರದಿಂದ ಕರೆತಂದ ಮೇಲೆ ಮಧ್ಯಾಹ್ನದ ಊಟ ಮಾಡಿಸುವುದು ನನ್ನ ಪಾಲಿಗೆ ಬಂತು. ಎಡಗೈಯಲ್ಲಿ ಉಣ್ಣುವುದಿಲ್ಲವೆಂದು ಅವಳ ಹಟ. ಮುದ್ದೆ ಮುರಿದು, ಸಾರಲ್ಲಿ ಅದ್ದಿ ಬಾಯಿಗಿಡುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನಾನೋ, ಕೂತಲ್ಲೇ ತೂಕಡಿಸುತ್ತಿದ್ದೆ.

ಬೆರಳಿಗೆ ದಿನಾ ಕೆಲಸ ಕೊಡಿ, ತಡವಾದರೆ ಕಷ್ಟ ಎಂದಿದ್ದರು ಡಾಕ್ಟರು. ಹಿಚುಕಲು ಕೊಟ್ಟ ರಬ್ಬರ್ ಚೆಂಡನ್ನು ಅವ್ವ ಮಂಚದಡಿಗೆ ತಳ್ಳಿದ್ದಳು. ಆಗ ನನಗೆ ಮಾಗಡಿ ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿ ನೆನಪಾಯಿತು. ಕಾಲೇಜಿಗೆ ಚಕ್ಕರ್ ಹೊಡೆದು ನಾನು ಯುದ್ಧವಿಮಾನ ಹಾರಿಸುತ್ತಿದ್ದ ಜಾಗ ಅದು. ಸಮುದ್ರದ ಮೇಲೆ ಸಾಲಾಗಿ ಬರುವ ಶತ್ರು ವಿಮಾನಗಳನ್ನು ಕೆಂಪು ಬಟನ್ ಒತ್ತಿ ಉರುಳಿಸಬೇಕು. ಒಂದು ದಿನ ಅವ್ವ ಸಂತೆ ಚೀಲ ಹಿಡಿದು ಬಂದು ಬೆನ್ನ ಹಿಂದೆ ನಿಂತಿದ್ದಳು. ಬೈಯಲಿಲ್ಲ.

“ಅದ್ರೊಳ್ಗೆ ಮನ್ಸ ಇರ್ತಾನೇನ್ಲಾ?” ಎಂದು ಕೇಳಿದಳು.

“ಇಲ್ದೆ ಏನವ್ವ, ಓಡ್ಸಕ್ಕೆ ಬ್ಯಾಡ್ವಾ?” ಎಂದು ನಾನು ಇನ್ನೊಂದನ್ನು ಉರುಳಿಸಿದ್ದೆ.

ಅಂಥದೇ ಆಟ ಈಗ ಟಿವಿಗೆ ಸಿಕ್ಕಿಸುವ ಪುಟ್ಟ ಡಬ್ಬಿಯಲ್ಲಿ ಸಿಗುತ್ತದೆ. ತಂದೆ. ಎಡಗೈಗೆ ವಿಮಾನ ತಿರುಗಿಸುವ ಹಿಡಿ, ಬಲಗೈಯ ಹೆಬ್ಬೆರಳಿಗೆ ಕೆಂಪು ಬಟನ್. ಅವ್ವನಿಗೆ ಆಟ ಹಿಡಿಸಿತು. ಗುಂಡುಗಳ ನಡುವೆ ವಿಮಾನವನ್ನು ಎಷ್ಟು ನಾಜೂಕಾಗಿ ನುಸುಳಿಸುತ್ತಿದ್ದಳೆಂದರೆ, ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ಹೆಬ್ಬೆರಳು ಮಾತ್ರ ಬಟನ್ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಹದಿನೈದು ದಿನವಾದರೂ ಒಂದು ಗುಂಡು ಹಾರಲಿಲ್ಲ. ಈ ಕೈ ಇನ್ನು ಬರುವುದಿಲ್ಲ ಎಂದು ಒಳಗೊಳಗೇ ಕೈಬಿಟ್ಟಿದ್ದೆ.

ಒಂದು ಮಧ್ಯಾಹ್ನ, ಸೂಪರ್‌ವೈಸರ್ ಹತ್ತಿರ ಬೈಸಿಕೊಂಡು ಬಂದವನಿಗೆ ತಡೆಯಲಾಗಲಿಲ್ಲ.

“ಒತ್ತವ್ವ! ಒಸಿ ಮನ್ಸು ಮಾಡು! ನೀನ್ ಸಾಯೋಗಂಟ ನಾನೇ ತಿನ್ಸ್ತಾ ಇರ್ಲಾ?”

ಮಾತು ಜಾರಿತ್ತು. ಅವ್ವ ಹಿಡಿ ಕೆಳಗಿಟ್ಟಳು. ಮಂಚದ ಮೇಲಿದ್ದ ರಿಮೋಟನ್ನು ಬಲಗೈಯಿಂದಲೇ ಮೆಲ್ಲಗೆ ಎಳೆದುಕೊಂಡು, ನಡುಗುವ ಹೆಬ್ಬೆರಳು ಊರಿದಳು. ಟಿವಿ ಆಫ್ ಆಯಿತು.

“ಬೆರ್ಳು ಮೂರ್ ದಿನದಿಂದ ಆಡ್ತಾ ಐತೆ ಕಣ್ಲಾ. ಇನ್ನೊಸಿ ಸರಿಯಾಗ್ಲಿ ಅಂತ ಸುಮ್ಕಿದ್ದೆ.”

“ಮತ್ತೆ ಬಟನ್ ಒತ್ತಕ್ಕೆ ಏನಾಗಿತ್ತವ್ವ?”

“ಒಳ್ಗೆ ಮನ್ಸ ಅವ್ನೆ ಅಂತ ನೀನೇ ಅಲ್ವಾ ಯೇಳಿದ್ದು? ಅವ್ನು ನಂಗೇನ್ ಮಾಡವ್ನೆ?”

ತಟ್ಟೆಯನ್ನು ಅವಳ ಮುಂದಿಟ್ಟೆ. ಮುದ್ದೆ ಮುರಿಯುವಷ್ಟು ಬಲ ಇನ್ನೂ ಬಂದಿರಲಿಲ್ಲ. ಹೆಬ್ಬೆರಳು ಒತ್ತಿ ಒತ್ತಿ, ನೆಲ್ಲಿಕಾಯಷ್ಟು ಕಿತ್ತು, ಸಾರಿಗೆ ಸೋಕಿಸಿ ತಾನೇ ಬಾಯಿಗಿಟ್ಟುಕೊಂಡಳು. ನುಂಗಿದ ಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

“ಮಿಕ್ಕಿದ್ದು ನೀನೇ ತಿನ್ಸಪ್ಪ. ಸಾಯೋಗಂಟ ಏನಲ್ಲ.”