ಮುನಿಯಮ್ಮನವರ ನೀರಿನ ವಿಷಯದಲ್ಲಿ ನಾನು ಹೇಳಿದ ಸುಳ್ಳು

ಸೋಲದೇವನಹಳ್ಳಿ ಬಳಿಯ ಮುನಿಯಮ್ಮನವರ ಕೊಳವೆಬಾವಿಯ ನೀರು ಕೆಟ್ಟಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ.

ಆಗ ನಾನು ಮಾಲಿನ್ಯ ತಡೆಯಬೇಕಾದ ರಾಜ್ಯದ ಕಚೇರಿಯೊಂದರಲ್ಲಿ ಇಂಜಿನಿಯರ್. ಲೋಹಕ್ಕೆ ಹೊಳಪಿನ ಲೇಪ ಕೊಡುವ ಕಾರ್ಖಾನೆಯೊಂದು ವಿಷದ ಕೆಸರನ್ನು ಡ್ರಮ್ಮುಗಳಲ್ಲಿ ತಂದು ತಮ್ಮ ಸೊಪ್ಪಿನ ತೋಟದ ಪಕ್ಕದ ಹಳ್ಳದಲ್ಲಿ ಹೂಳುತ್ತಿದೆ ಎಂದು ಮುನಿಯಮ್ಮ ದೂರು ಕೊಟ್ಟಿದ್ದರು. ಪರಿಶೀಲನೆಗೆ ಹೋದವನು ನಾನೇ. ಹೋದೆ ಎಂದರೆ — ಬಿಸಿಲಿತ್ತು, ಜೀಪಿನಿಂದ ಇಳಿಯಲಿಲ್ಲ. ಏನೂ ಇಲ್ಲವೆಂದು ವರದಿ ಕೊಟ್ಟೆ.

ಮುನಿಯಮ್ಮ ಸುಮ್ಮನಾಗದೆ ಕೇಂದ್ರ ಸರ್ಕಾರದವರಿಗೆ ಬರೆಸಿದರು. ದೆಹಲಿಯಿಂದ ತಂಡ ಬರುತ್ತದೆಂದು ತಿಳಿದಾಗ ನಾನು ಗುಟ್ಟಾಗಿ ಆ ನೀರನ್ನು ಪರೀಕ್ಷಿಸಿದೆ. ಲೇಪಕ್ಕೆ ಬಳಸುವ ಕ್ರೋಮಿಯಂ ಇತ್ತು — ಬಾಯಿಗೆ ಹಾಕಬಾರದಷ್ಟು. ಆಗಲೇ ಹೇಳಬಹುದಿತ್ತು. ಆದರೆ ನನ್ನ ವರದಿ, ನನ್ನ ಕೆಲಸ... ಆ ಭಯಕ್ಕೆ ನಾನು ಸ್ವಾಭಿಮಾನದ ಬಣ್ಣ ಬಳಿದೆ. ನಮ್ಮ ರಾಜ್ಯದ ವಿಷಯದಲ್ಲಿ ದೆಹಲಿಯವರು ಯಾಕೆ ತಲೆ ಹಾಕಬೇಕು ಎಂದೆ. ಕಚೇರಿಯಲ್ಲಿ ಎಲ್ಲರೂ ತಲೆದೂಗಿದರು.

ತಂಡದವರನ್ನು ಊರಿನ ಇನ್ನೊಂದು ಬದಿಯ ಕೊಳವೆಬಾವಿಗೆ ಕರೆದೊಯ್ದೆ. ಹಳ್ಳದ ದೂರನ್ನು ರಾಜ್ಯದವರೇ ಬಗೆಹರಿಸಿದ್ದೇವೆ ಎಂದೆ. ನಂಬಿದರು. ಮುನಿಯಮ್ಮ ಅಂದು ಸಂಜೆಯವರೆಗೂ ತೋಟದಲ್ಲಿ ಕಾದಿದ್ದರಂತೆ. ಮರುದಿನ ಕಚೇರಿಗೇ ಬಂದರು.

"ಈಗ ಅದು ಸೆಂಟ್ರಲ್‌ನವರ ಕೈಲಿದೆ ಕಣಮ್ಮ, ನಾವೇನೂ ಮಾಡೋಕಾಗಲ್ಲ" ಎಂದೆ.

ಹಾಗಾದರೆ ಅವರ ತೀರ್ಮಾನ ಬರುವವರೆಗೆ ಆ ನೀರನ್ನು ಕುಡಿಯಬಹುದೇ ಎಂದು ಕೇಳಿದರು.

"ಏನೂ ಆಗಲ್ಲ, ಕುಡೀರಿ."

ನೀರು ಹಳದಿಗೆ ತಿರುಗುವವರೆಗೂ ಕುಡಿದರು. ಆಮೇಲೆ ಅವರ ಗಂಡನ ಕಿಡ್ನಿ ಕೆಟ್ಟಿತು. ಹೆಚ್ಚು ಕಾಲ ಉಳಿಯಲಿಲ್ಲ. ನೀರಿನಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ — ಆ ಮಾತಿನ ಹಿಂದೆಯೂ ಎಷ್ಟೋ ವರ್ಷ ಅಡಗಿಕೊಂಡಿದ್ದೆ.

ನಿವೃತ್ತನಾದ ಮೇಲೆ, ಈಚೆಗೆ, ಬಾಗಲಗುಂಟೆಯ ನನ್ನ ಮನೆಯಿಂದ ಹೊರಟು ಮುನಿಯಮ್ಮನವರಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ.

"ಕುಡೀಬ್ಯಾಡಿ ಅಂತ ಒಂದು ಮಾತು ಯೋಳಿದ್ರೆ ಸಾಕಿತ್ತಲ್ಲ ಸಾ. ಕೇಸು ಗೀಸು ಆಮ್ಯಾಕೆ ನೋಡ್ಕಂತಿದ್ವಿ."

ಅಷ್ಟೇ ಹೇಳಿ ಒಳಗೆ ಹೋದರು.

ಡ್ರಮ್ಮುಗಳು ಇನ್ನೂ ಮಣ್ಣಿನಡಿಯಲ್ಲೇ ಇವೆ. ರಾಜ್ಯದವರಿಗೂ ಕೇಂದ್ರದವರಿಗೂ ನನ್ನ ಹೆಸರು ಹಾಕಿಯೇ ಎಲ್ಲವನ್ನೂ ತಿಳಿಸಿದ್ದೇನೆ. ಅವರು ಅಗೆಯಲು ಬಂದ ದಿನ ಜಾಗ ತೋರಿಸಲು ನಾನು ಅಲ್ಲಿರುತ್ತೇನೆ. ಮುನಿಯಮ್ಮನವರನ್ನೂ ಕರೆದೆ. ನನ್ನ ಜೊತೆ ನಿಲ್ಲಲು ಅವರಿಗೆ ಇಷ್ಟವಿಲ್ಲ.