ಅತ್ತಿಗೆಯ ವ್ಯಾನಿನ ತಳ

ಎದುರು ಮನೆಯವರು ಕಿಟಕಿಗೆ ಗ್ರಿಲ್ ಹಾಕಿಸುತ್ತಿದ್ದಾರೆ. ವೆಲ್ಡಿಂಗಿನ ಸುಟ್ಟ ಕಬ್ಬಿಣದ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ಹೆಂಡತಿ ಮೂಗು ಮುಚ್ಚಿಕೊಂಡು ಬಾಗಿಲು ಹಾಕಿದಳು, ನಾನು ತೆಗೆದೆ. ನಿಮಗೆ ವಿಚಿತ್ರ ಅನ್ನಿಸಬಹುದು, ಆ ವಾಸನೆಗೆ ನನಗೆ ನೆನಪಾಗುವುದು ಅತ್ತಿಗೆ ಸಾಕಮ್ಮ.

ಅಣ್ಣನಿಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಹೊಂಗನೂರಿನ ಮನೆ, ರೇಷ್ಮೆಹುಳು, ಕುರಿಗಳು ಎಲ್ಲವೂ ಅತ್ತಿಗೆಯ ಪಾಲಿಗೆ. ಹಳೆಯದೊಂದು ವ್ಯಾನ್ ಕೊಂಡು ತಾವೇ ಓಡಿಸಲು ಕಲಿತರು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುವುದು ಅದರಲ್ಲೇ, ಕುರಿ ಸಂತೆಗೆ ಹೋಗುವುದು ಅದರಲ್ಲೇ. ಬಸ್ಸು ತಪ್ಪಿದರೆ ಊರ ಹೆಂಗಸರು ಮಕ್ಕಳನ್ನೆತ್ತಿಕೊಂಡು ಆಸ್ಪತ್ರೆಗೆ ಹೋಗುವುದೂ ಅದರಲ್ಲೇ. ಕುರಿ ಇಳಿಸಿದೊಡನೆ ಅತ್ತಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದರು. ಅಷ್ಟು ಶುಚಿಯಾದ ವ್ಯಾನು ಸುತ್ತಮುತ್ತ ಇನ್ನೊಂದಿರಲಿಲ್ಲ. ಆ ನೀರೂ ಕುರಿಯ ಉಚ್ಚೆಯೂ ಮ್ಯಾಟಿನ ಕೆಳಗೆ ನಿಂತು ಕಬ್ಬಿಣ ತಿನ್ನುತ್ತಿವೆ ಎಂದು ಯಾರಿಗೂ ಹೊಳೆಯಲಿಲ್ಲ.

ಒಮ್ಮೆ ಗೂಡು ತುಂಬಿಕೊಂಡು ಹೋಗುವಾಗ ಪಕ್ಕದಲ್ಲಿ ಕೂತಿದ್ದ ನನ್ನ ಕಾಲು ತಳವನ್ನೇ ತೂರಿಕೊಂಡು ಹೋಯಿತು. ಕೆಳಗೆ ರಸ್ತೆ ಓಡುತ್ತಿತ್ತು. ನನ್ನ ಕೂಗಿಗೆ ಅತ್ತಿಗೆ ಬ್ರೇಕ್ ಒತ್ತಿದರು.

“ಕಾಲೈತಾ?”

“ಐತೆ. ಚಪ್ಪಲಿ ಹೋಯ್ತು.”

ಚನ್ನಪಟ್ಟಣದಲ್ಲಿ ಟಿಂಕರಿಂಗ್ ಶೆಡ್ಡಿನ ಶಿವಣ್ಣ ಮ್ಯಾಟ್ ಎತ್ತಿ ನೋಡಿದ. ಬರೀ ತಗಡಲ್ಲ, ಗಾಡಿಯ ಭಾರ ಹೊರುವ ಉದ್ದ ಪಟ್ಟಿಗಳೇ ಹಪ್ಪಳದಂತೆ ಬೆರಳಿಗೆ ಪುಡಿಯಾದವು.

“ಗುಜರಿಗೆ ಹಾಕ್ಬುಡಕ್ಕಾ,” ಎಂದ. ನಾನೂ ತಲೆಯಾಡಿಸಿದೆ, ಕೆಲಸ ತಪ್ಪಿಸುವ ಸಲಹೆಗೆ ತಲೆಯಾಡಿಸುವುದರಲ್ಲಿ ನಾನು ಯಾವತ್ತೂ ಮುಂದು.

“ಇಂಜಿನ್ ಚೆನ್ನಾಗೈತೆ. ಕೊಳೆತಿರೋದ್ನ ಕತ್ತರ್ಸು. ಒಳ್ಳೆ ಕಬ್ಬಿಣ ಸಿಗೋಗಂಟ ಕತ್ತರ್ಸು,” ಎಂದು ಅತ್ತಿಗೆ ಸ್ಟೂಲ್ ಎಳೆದುಕೊಂಡು ಕೂತರು.

ಅಲ್ಲಿಂದ ಮುಂದೆ ಅತ್ತಿಗೆ ದಿನಾ ಹುಳುವಿಗೆ ಸೊಪ್ಪು ಹಾಕಿ ಬಸ್ಸು ಹತ್ತಿ ಬರುವುದು, ಶೆಡ್ಡಿನಲ್ಲಿ ಕೂರುವುದು. ನನ್ನ ಕೈಗೂ ಒಂದು ತಂತಿ ಬ್ರಷ್ ಬಂತು. ತುಕ್ಕು ಕೆರೆದೂ ಕೆರೆದೂ ನನ್ನ ನರೆತ ಮೀಸೆ ಕೆಂಪಾಯಿತು. ಟೀ ಅಂಗಡಿಯವನು ಮದರಂಗಿ ಹಚ್ಚಿದ್ದೀರಾ ಎಂದು ಕೇಳಿದ.

ಕೊನೆಗೆ ಹೊಸ ಪಟ್ಟಿ, ಹೊಸ ತಗಡು, ಮೇಲೆ ಕಪ್ಪು ಬಣ್ಣ. ನಾನು ಹೊರಡಲು ಸಿದ್ಧನಾದೆ. ಅತ್ತಿಗೆ ಕೀ ತೆಗೆದುಕೊಳ್ಳಲಿಲ್ಲ.

“ಶಿವಣ್ಣ, ನಿನ್ ಹೆಂಡ್ತಿ ಮಕ್ಳುನ್ನ ಕರ್ಕಂಬಾ. ಹಿಂದ್ಗಡೆ ಕೂರ್ಸು. ಕಣ್ವ ಡ್ಯಾಮ್‌ಗಂಟ ಒಂದ್ ರೌಂಡ್ ಹೋಗ್ಬರನ.”

ಶಿವಣ್ಣ ನಕ್ಕ. ಆಮೇಲೆ ನಗು ನಿಂತಿತು. ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ವ್ಯಾನನ್ನೇ ನೋಡಿದ.

“ಒಂದಿನ ಟೈಮ್ ಕೊಡಕ್ಕಾ. ಎಡಗಡೆ ಹಿಂದೆ ಒಸಿ ಹಳೇದು ಉಳಿಸ್ಬುಟ್ಟಿದೀನಿ. ತುಕ್ಕಿನ ಮೇಲೇ ವೆಲ್ಡಿಂಗ್ ಹೊಡ್ದಿದೀನಿ.”

ಅತ್ತಿಗೆ ರೇಗಾಡುತ್ತಾರೆ ಎಂದುಕೊಂಡೆ. “ನನ್ ಗಾಡೀಲಿ ಕೂರೋರೂ ಯಾರ್ದೋ ಹೆಂಡ್ತಿ ಮಕ್ಳೇ ಕಣಪ್ಪಾ,” ಎಂದರು, ಅಷ್ಟೇ. ಮತ್ತೆ ಸ್ಟೂಲಿನ ಮೇಲೆ ಕೂತರು. ಶಿವಣ್ಣ ಆಗ ತಾನೇ ಒಣಗಿದ ಬಣ್ಣವನ್ನು ಸುಟ್ಟು ಆ ಮೂಲೆಯನ್ನು ಕತ್ತರಿಸಿ ತೆಗೆದ.

ಮರುದಿನ ಸಂಜೆ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಹಿಂದೆ ಕೂತರು. ಹಳ್ಳ, ಉಬ್ಬು ಯಾವುದನ್ನೂ ಅತ್ತಿಗೆ ತಪ್ಪಿಸಲಿಲ್ಲ. ಡ್ಯಾಮಿನ ಹತ್ತಿರ ಎಲ್ಲರೂ ಕರಿದ ಮೀನು ತಿಂದೆವು. ಶಿವಣ್ಣ ತಿನ್ನುವುದಕ್ಕೆ ಮೊದಲು ಬಗ್ಗಿ ಒಮ್ಮೆ ತಳ ನೋಡಿ ಬಂದ.

ಇಷ್ಟು ಬರೆಯುವಷ್ಟರಲ್ಲಿ ಹೊರಗೆ ಹಾರ್ನ್ ಆಯಿತು. ಪ್ರತಿವರ್ಷ ಮಳೆಗಾಲ ಕಳೆದ ಮೇಲೆ ಅತ್ತಿಗೆ ವ್ಯಾನ್ ತಂದು ನಿಲ್ಲಿಸುತ್ತಾರೆ, ಕೈಗೊಂದು ಸುತ್ತಿಗೆ ಕೊಡುತ್ತಾರೆ. ಇವತ್ತೂ ನಾನು ಹೊಟ್ಟೆ ಎಳೆದುಕೊಂಡು ಕೆಳಗೆ ತೂರಿ ಪಟ್ಟಿಗಳನ್ನು ಬಡಿದು ನೋಡಿದೆ. ಠಣ್ ಠಣ್ ಎಂದವು, ಗಟ್ಟಿ ಕಬ್ಬಿಣ. ಎದ್ದು ಬಂದೆ.

“ಎಲ್ಲಾ ಕಡೆ ಬಡಿದ್ಯಾ?”

“ಬಡಿದೆ,” ಎನ್ನುವುದಕ್ಕೆ ಬಾಯಿ ತೆರೆದೆ. ಒಂದು ಮೂಲೆ ಬಿಟ್ಟಿದ್ದೆ.

“ಇಲ್ಲ, ಇರಿ ಅತ್ತಿಗೆ,” ಎಂದು ಮತ್ತೆ ವ್ಯಾನಿನ ಕೆಳಗೆ ಮಲಗಿದೆ.