ಮಂದಾ ತಿಳಿಸಿದ ಪುಸ್ತಕಗಳು

ಬೆಳಗಾವಿಗೆ ಬಂದ ಎರಡನೆಯ ದಿನ ವಾರ್ಡಿನಲ್ಲಿ ಒಬ್ಬ ಮುದುಕ, "ಸಿಸ್ಟರ್, ಜರಾ ಬಾಜೂಕ ಸರೀರಿ, ಖರೇನ ಭಾಳ ತ್ರಾಸ ಆಗೇತಿ" ಎಂದ. "ನಂಗೆ ಮರಾಠಿ ಬರಲ್ಲ ತಾತ, ಕನ್ನಡದಲ್ಲಿ ಹೇಳಿ" ಎಂದೆ. ಇಡೀ ವಾರ್ಡು ನಕ್ಕಿತು. ಅವನು ಆಡಿದ್ದು ಕನ್ನಡವೇ. ಕೊಳ್ಳೇಗಾಲದ ನಾನು ಕರ್ನಾಟಕದೊಳಗೇ ಪರದೇಶಿಯಾಗಿದ್ದೆ.

ನರ್ಸ್ ಕೆಲಸ, ಮಹಾಂತೇಶ ನಗರದಲ್ಲಿ ಒಂಟಿ ಕೋಣೆ. ಮುದ್ದೆ ಬಿಟ್ಟು ರೊಟ್ಟಿಗೆ, ಝುಣಕ ಎನ್ನುವ ಕಡಲೆಹಿಟ್ಟಿನ ಪಲ್ಯಕ್ಕೆ ಒಗ್ಗಿದೆ. ಮಾತಿಲ್ಲದ ಸಂಜೆಗಳಿಗೆ ಮಾತ್ರ ಒಗ್ಗಲಿಲ್ಲ. ಊರಲ್ಲಿ ಗ್ರಂಥಾಲಯದವರು ಕೊಟ್ಟಿದ್ದೇ ಪುಸ್ತಕ. ಇಲ್ಲಿ ಫೋನಿನಲ್ಲಿ ಓದುಗರ ಗುಂಪೊಂದು ಸಿಕ್ಕಿತು. ಅದರಲ್ಲಿ ಖಾನಾಪುರದ ಮಂದಾ ಎಂಬಾಕೆ ನಾನು ಹೆಸರೇ ಕೇಳದ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದಳು: ಒಬ್ಬ ಸೂಲಗಿತ್ತಿಯ ಆತ್ಮಕಥೆ, ಗಣಿಯೊಳಗೆ ಸಿಕ್ಕಿಕೊಂಡವರ ಕಾದಂಬರಿ. ಪುಕ್ಕಟೆ ಎಲ್ಲಿ ಸಿಗುತ್ತದೆಂದು ಹುಡುಕಿ ಕಳಿಸುವಳು. ಮರಾಠಿಯದಾದರೆ ಕನ್ನಡದಲ್ಲಿ ಹೇಳಿ, ಧ್ವನಿ ಮುದ್ರಿಸಿ ಕಳಿಸುವಳು. ಅವಳ ದನಿಯ ಹಿಂದೆ ಯಾವಾಗಲೂ ಮಿಕ್ಸರ್ ಗರಗರ ತಿರುಗುತ್ತಿರುತ್ತಿತ್ತು.

"ಒಂದಿನ ನಿಮ್ಮನೆಗೆ ಬರ್ತೀನಿ" ಎಂದೆ.

"ಬ್ಯಾಡ್ರಿ ಅಕ್ಕಾ."

ನಮ್ಮ ಕಡೆ ಬೇಡ ಎಂದರೆ ಸಂಕೋಚ. ಆದರೂ ಹೋಗುವುದೇ ಆಪ್ತತೆ. ಹಿಟ್ಟಿನ ಗಿರಣಿ ಪಕ್ಕದ ಮನೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದಳು. ರಜೆಯ ದಿನ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಮಂದಾಳ ಅತ್ತೆ. "ಬರ್ರಿ, ಕುಂದರ್ರಿ" ಎಂದು ಕೂರಿಸಿದರು. ಚಹಾ ತಂದ ಮಂದಾಳ ಮುಖ ನನ್ನ ಹೆಸರು ಕೇಳಿದ್ದೇ ಬಿಳಿಚಿಕೊಂಡಿತು.

"ನಮ್ಮ ಸೊಸಿ ನಿಮಗ ಹೆಂಗ ಗುರುತ್ರಿ?"

ಫೋನಿನ ಓದುಗರ ಗುಂಪಿನ ವಿಷಯ ಹೆಮ್ಮೆಯಿಂದ ಹೇಳಿದೆ.

"ಹೌದನ್ರಿ? ಮತ್ತೇನೇನ ಓದ್ಯಾಳ್ರಿ?"

ಅವರು ನಗುತ್ತಾ ಕೇಳಿದರು, ನಾನು ಒಂದೊಂದೇ ಪುಸ್ತಕದ ಹೆಸರು ಹೇಳುತ್ತಾ ಹೋದೆ. ಮಂದಾ ಅವರ ಬೆನ್ನ ಹಿಂದೆ ತಲೆಯಾಡಿಸುತ್ತಿದ್ದಳು. ನಾಚಿಕೆ ಎಂದುಕೊಂಡೆ.

ಅತ್ತೆ ತಿರುಗಿದರು. "ನಿನ್ನ ಮಗಳ ಸಾಲಿ ಅಭ್ಯಾಸಕ್ಕಂತ ಕೊಡಿಸಿದ ಫೋನ್ ಅದು. ತಾ ಇಲ್ಲೆ. ನನ್ನ ಮುಂದ ಅಳಸು. ಎಲ್ಲಾ."

ಮಂದಾ ನಿಂತಲ್ಲೇ ಅಳಿಸಿದಳು. ಒಂದೊಂದಕ್ಕೂ ಅತ್ತೆ "ಹ್ಞೂಂ, ಮುಂದಿಂದು" ಎನ್ನುತ್ತಿದ್ದರು. ಪುಸ್ತಕಗಳು ಹೋದವು, ಗುಂಪು ಹೋಯಿತು, ಕೊನೆಗೆ ನನ್ನ ನಂಬರೂ. ಮಿಕ್ಸರ್ ಯಾಕೆ ತಿರುಗುತ್ತಿತ್ತೆಂದು ನನಗೆ ಆಗ ತಿಳಿಯಿತು.

"ಚಾ ಆರತೈತ್ರಿ, ಕುಡೀರಿ" ಎಂದರು ಅತ್ತೆ, ಅದೇ ನಗುಮುಖದಲ್ಲಿ.

ಕುಡಿದೆ. ಎದ್ದು ಏನಾದರೂ ಹೇಳಬಹುದಿತ್ತು. ಹೊರಗಿನವಳು ಎಂಬ ನೆಪವಿತ್ತು, ಅದನ್ನು ಬಳಸಿಕೊಂಡೆ.

ಕೆಲವು ತಿಂಗಳ ನಂತರ ಬೆಳಗಾವಿಯ ರವಿವಾರ ಪೇಟೆಯಲ್ಲಿ ಮಂದಾ ಕಂಡಳು. ಅತ್ತೆ ಅಂಗಡಿಯೊಳಗೆ ಮೆಣಸಿನಕಾಯಿ ಆರಿಸುತ್ತಿದ್ದರು.

"ತಪ್ಪಾಯ್ತು ಮಂದಾ. ಪುಸ್ತಕ ಕೊಂಡು ತಂದುಕೊಡ್ಲಾ?"

"ಬ್ಯಾಡ್ರಿ" ಎಂದಳು, ನನ್ನತ್ತ ನೋಡದೆ. "ಬ್ಯಾಸರಾದ್ರ ನೀವು ನಿಮ್ಮೂರಿಗೆ ಹೋಗತೀರಿ. ನಾ ಇಲ್ಲೇ ಇರಾಕಿ."

ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ಕೆಲಸ ಖಾಲಿಯಿದೆ, ಬಂದುಬಿಡು ಎಂದು ಅಮ್ಮ ಮೊನ್ನೆ ಫೋನ್ ಮಾಡಿದ್ದಳು. ಹೋದರೆ ಮಂದಾ ಅಂದದ್ದು ನಿಜವಾಗುತ್ತದೆ. ಅದೊಂದಕ್ಕೇ ಇನ್ನೂ ಇಲ್ಲಿದ್ದೇನೆ. ನಾನು ಇಲ್ಲಿರಲಿ ಎಂದು ಇಲ್ಲಿ ಯಾರೂ ಬಯಸಿಲ್ಲ.